ಮೋಟಾರಿನ ಗಾಲಿ: ಗಾತ್ರವೋ, ತೂಕವೋ?

ಕುರ್ಲಾ ಪಶ್ಚಿಮದಿಂದ ಕಲೀನಾದ ಕಡೆಗೆ ಸಾಗುವ ಸಿ.ಎಸ್.ಟಿ. ರಸ್ತೆಯ ಹೆಸರಿನ ಮೂಲವು ಇಂದು ಹೆಚ್ಚಿನವರಿಗೆ ಮರೆತುಹೋಗಿದೆ. ಛತ್ರಪತಿ ಶಿವಾಜಿ ಟರ್ಮಿನಸ್ಸಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಸೆಂಟ್ರಲ್ ಸಾಲ್ಸೆಟ್ ಟ್ರಾಮ್‌ವೇ ಎಂಬ, ಎಂದೋ ನಿಂತುಹೋದ ಹಳಿಬಂಡಿಯ ಹೆಸರದು. ಹಳಿಯ ಮೇಲಿನ ಗಾಲಿಗಳು ಹೋದುವು. ಈಗ ಅದೇ ರಸ್ತೆಯ ಇಕ್ಕೆಲಗಳಲ್ಲಿ ಮೋಟಾರಿನ ಗಾಲಿಗಳು ಅಂಗಡಿಗಳ ಮುಂದೆ ಸಾಲಾಗಿ ತೂಗುತ್ತಿವೆ. ಬೆಳ್ಳಿಯ ಬಣ್ಣದವು, ಕರಿಯವು, ಹತ್ತು ಕಡ್ಡಿಗಳವು, ಐದು ಕಡ್ಡಿಗಳವು, ಬೆಂಕಿಯ ಜ್ವಾಲೆಯಂತೆ ತಿರುಚಿದ ಕಡ್ಡಿಗಳವು. ಅವುಗಳ ಪಕ್ಕದಲ್ಲಿಯೇ ಗುಜರಿಯವರ ಅಂಗಡಿಗಳು, ಅವರ ದೊಡ್ಡ ತಕ್ಕಡಿಗಳು. ಈ ಎರಡು ಬಗೆಯ ಅಂಗಡಿಗಳು ಹೀಗೆ ಒತ್ತೊತ್ತಾಗಿ ಇರುವುದು ಕಾಕತಾಳೀಯವೇ ಇರಬಹುದು. ಆದರೆ ಗಾಲಿಯ ಅಂಗಡಿಗೂ ತಕ್ಕಡಿಗೂ ಒಂದು ನಂಟು ಇರಬೇಕಾಗಿತ್ತೆಂಬುದನ್ನು ಈಚೆಗೆ ಅಲ್ಲಿಗೆ ಹೋದಾಗ ನಾವು ಮನಗಂಡೆವು.

ನಮ್ಮ ಸ್ನೇಹಿತರೊಬ್ಬರ ಮಗ, ಬ್ಯಾಂಕಿನಲ್ಲಿ ಉದ್ಯೋಗದಲ್ಲಿರುವ ತರುಣ, ಬಳಸಿದ ಕಾರೊಂದನ್ನು ಕೊಂಡಿದ್ದಾನೆ. ಈ ಮಹಾನಗರದ ರಸ್ತೆಗಳಲ್ಲಿ ಅತಿ ಹೆಚ್ಚಾಗಿ ಕಾಣುವ, ಟ್ಯಾಕ್ಸಿಯವರಿಗೂ ಗೃಹಸ್ಥರಿಗೂ ಒಪ್ಪಿತವಾದ ಸಣ್ಣ ಜಾತಿಯ ಕಾರು ಅದು. ಬರುವ ಚೌತಿಗೆ ತಂದೆ ತಾಯಿ, ಅಜ್ಜಿ, ತಂಗಿ ಎಲ್ಲರನ್ನೂ ಅದರಲ್ಲಿ ಕೂರಿಸಿಕೊಂಡು ಕುಂದಾಪುರದ ಕಡೆಯ ತನ್ನ ಊರಿಗೆ ಹೋಗಬೇಕೆಂಬುದು ಅವನ ಹಂಬಲ. ಕಾರು ಏರು ಹತ್ತುವಾಗ ಏದುಸಿರು ಬಿಡುತ್ತದೆ, ಸಿಗ್ನಲಿನಲ್ಲಿ ನಿಂತು ಹೊರಟರೆ ಮೈಗಳ್ಳತನ ತೋರುತ್ತದೆ ಎಂಬುದು ಅವನ ದೂರು. ಇದಕ್ಕೆ ಮದ್ದೆಂದು ಗೆಳೆಯರು ಹೇಳಿಕೊಟ್ಟದ್ದು ಅಲಾಯ್ ಗಾಲಿಗಳನ್ನು. ಅಲ್ಯೂಮಿನಿಯಮ್ಮು ಹಗುರ, ಗಾಲಿ ಹಗುರವಾದರೆ ಓಟ ಚುರುಕು ಎಂಬುದು ಅವರ ತರ್ಕ. ತರ್ಕವೇನೋ ಸರಿಯೇ. ಅವನು ಆರಿಸಿಟ್ಟಿದ್ದ ಗಾಲಿ ಮಾತ್ರ ಮೊದಲಿನ 14 ಇಂಚಿನದಲ್ಲ, 17 ಇಂಚಿನದು.

ಇದರ ತೂಕವೆಷ್ಟೆಂದು ನಾವು ಅಂಗಡಿಯವರನ್ನು ಕೇಳಿದೆವು. ಅವರು ನಮ್ಮ ಮುಖವನ್ನೊಮ್ಮೆ, ಗಾಲಿಯನ್ನೊಮ್ಮೆ ನೋಡಿ, ಇಂಚು ಕೇಳುವ ಗಿರಾಕಿಗಳಿದ್ದಾರೆ, ಬಣ್ಣ ಕೇಳುವವರಿದ್ದಾರೆ, ಕಂತಿನಲ್ಲಿ ಕೊಡುತ್ತೀರಾ ಎಂದು ಕೇಳುವವರೂ ಇದ್ದಾರೆ, ತೂಕವನ್ನು ಮಾತ್ರ ಈವರೆಗೆ ಯಾರೂ ಕೇಳಿಲ್ಲವೆಂದು ಮುಂಬಯಿಯ ಹಿಂದಿಯಲ್ಲಿ ಉತ್ತರವಿತ್ತರು. ತರುಣನಿಗೆ ಸಂಕೋಚವಾಯಿತು. “ಮಾಮ, ಅಲಾಯ್ ಅಂದ ಮೇಲೆ ಹಗುರವೇ ಅಲ್ಲವೇ?” ಎಂದ. ಪಕ್ಕದ ಗುಜರಿಯವನ ತಕ್ಕಡಿ ಅಲ್ಲಿಯೇ ಇತ್ತು. ಡಿಕ್ಕಿಯಿಂದ ಸ್ಟೆಪ್ನಿಯನ್ನು ಇಳಿಸಿ ತೂಗಿದೆವು. ಉಕ್ಕಿನ ರಿಮ್ಮು, ಟಯರು ಸೇರಿ 14 ಕಿಲೋ. ಟಯರು ಏರಿಸಿಟ್ಟಿದ್ದ 17 ಇಂಚಿನ ಅಲಾಯ್ ಗಾಲಿಯನ್ನು ಇರಿಸಿದೆವು, 19 ಕಿಲೋ. ಹಗುರವಾಗಲೆಂದು ಹಣ ತೆರಲು ಬಂದವನು ಗಾಲಿಯೊಂದಕ್ಕೆ 5 ಕಿಲೋದಂತೆ ನಾಲ್ಕು ಗಾಲಿಗಳಿಗೆ 20 ಕಿಲೋ ಭಾರವನ್ನು ಕೊಂಡುಕೊಳ್ಳುವುದರಲ್ಲಿದ್ದ!

ಇದು ಈ ಒಬ್ಬ ತರುಣನ ಭ್ರಮೆಯಲ್ಲ. ಲೋಹದ ಹೆಸರು ಕೇಳಿ ತೂಕವನ್ನು ಊಹಿಸುವ ಅಭ್ಯಾಸ ನಮ್ಮೆಲ್ಲರಲ್ಲಿಯೂ ಇದೆ. ಒಂದೇ ಗಾತ್ರದ ಉಕ್ಕಿನ ಮುಂದೆ ಅಲ್ಯೂಮಿನಿಯಮ್ಮಿನ ತೂಕ ಮೂರರಲ್ಲೊಂದು ಪಾಲು ಮಾತ್ರವೆಂಬುದು ನಿಜ. ಆದರೆ ಅಲ್ಯೂಮಿನಿಯಮ್ಮು ಉಕ್ಕಿನಷ್ಟು ಗಟ್ಟಿಯಲ್ಲವಾದುದರಿಂದ ಅದೇ ಹೊರೆಯನ್ನು ಹೊರಲು ಅದನ್ನು ಹೆಚ್ಚು ದಪ್ಪವಾಗಿ ಎರಕ ಹೊಯ್ಯಬೇಕಾಗುತ್ತದೆ. ಹೀಗಾಗಿ ಅಗ್ಗದ ಎರಕದ ಗಾಲಿಯು ಅದೇ ಅಳತೆಯ ಉಕ್ಕಿನ ಗಾಲಿಗಿಂತ ಹಗುರವಾಗಿರಲೇಬೇಕೆಂದಿಲ್ಲ. ಕೆಲವೊಮ್ಮೆ ಭಾರವೇ ಇರುತ್ತದೆ. ಎರಕ ಹೊಯ್ಯದೆ ಬಡಿದು ರೂಪಿಸಿದ ಗಾಲಿ ನಿಜವಾಗಿ ಹಗುರ, ಗಟ್ಟಿಯೂ ಹೌದು. ಅದರ ಬೆಲೆ ಮಾತ್ರ ಸಾಮಾನ್ಯ ಸಂಸಾರಿಯ ಕೈಗೆಟುಕುವಂಥದಲ್ಲ.

ಗಾಲಿಯ ತೂಕಕ್ಕೆ ಇಷ್ಟೊಂದು ಮಹತ್ವವೇಕೆಂದು ವಾಚಕರು ಕೇಳಬಹುದು. ಡಿಕ್ಕಿಯಲ್ಲಿ ಒಂದು ಮೂಟೆ ಅಕ್ಕಿ ಇಟ್ಟರೆ ಕಾರು ಅದನ್ನು ಮುಂದಕ್ಕೆ ಒಯ್ದರೆ ಸಾಕು. ಗಾಲಿಯ ಅಂಚಿನಲ್ಲಿರುವ ಲೋಹವನ್ನಾದರೋ ಮುಂದಕ್ಕೂ ಒಯ್ಯಬೇಕು, ಸುತ್ತಲೂ ತಿರುಗಿಸಬೇಕು. ಬೀಸುವ ಕಲ್ಲನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಿರುಗುತ್ತಿರುವ ಕಲ್ಲಿಗೆ ಕೈ ತಾಗಿಸಿದರೆ ಸಾಕು, ಮೊದಲ ಸುತ್ತಿಗೆ ಮಾತ್ರ ತೋಳಿನ ಬಲವೆಲ್ಲ ಬೇಕು. ಲೆಕ್ಕದ ಮಾತಿನಲ್ಲಿ ಹೇಳುವುದಾದರೆ, ಗಾಲಿಯ ಹೊರ ಅಂಚಿನಲ್ಲಿರುವ ಒಂದು ಕಿಲೋ ತೂಕವನ್ನು ವೇಗಕ್ಕೇರಿಸಲು ಕಾರಿನೊಳಗಿನ ಎರಡು ಕಿಲೋ ತೂಕಕ್ಕೆ ಬೇಕಾಗುವಷ್ಟು ಶಕ್ತಿ ಬೇಕು. ನಡುವಿನ ಗುಂಬದ ಹತ್ತಿರವಿರುವ ತೂಕಕ್ಕೆ ಈ ದಂಡ ಕಡಿಮೆ. ಟಯರು ಎಲ್ಲಕ್ಕಿಂತ ಹೊರಗಿರುವುದರಿಂದ ಟಯರಿನ ತೂಕವೇ ಹೆಚ್ಚು ದುಬಾರಿ. ರಿಮ್ಮಿನ ಮಾತನಾಡುವವರು ಟಯರನ್ನು ತೂಗದೆ ಬಿಡುವುದು ಆದುದರಿಂದ ದೊಡ್ಡ ತಪ್ಪು.

ಆದರೆ ಈ ‘ಎರಡರಷ್ಟು’ ಎಂಬ ಮಾತು ಕೇಳಿ ಹಿಗ್ಗುವವರಿಗೆ ನಾವು ಒಂದು ಲೆಕ್ಕವನ್ನು ಮುಂದಿಡಬಯಸುತ್ತೇವೆ. ಗಾಲಿಯೊಂದಕ್ಕೆ 2 ಕಿಲೋ ಇಳಿಸಿದೆವೆಂದಿಟ್ಟುಕೊಳ್ಳೋಣ. ಇದು ಸಣ್ಣ ಸಾಧನೆಯಲ್ಲ. ನಾಲ್ಕು ಗಾಲಿಗಳಿಂದ 8 ಕಿಲೋ. ಅದೆಲ್ಲವೂ ಹೊರ ಅಂಚಿನಿಂದಲೇ ಇಳಿಯಿತೆಂದು ಉದಾರವಾಗಿ ಲೆಕ್ಕ ಹಿಡಿದರೂ 16 ಕಿಲೋಗೆ ಸಮ. ಇಬ್ಬರು ಕುಳಿತ ಸಣ್ಣ ಕಾರಿನ ತೂಕ ಸುಮಾರು 1,050 ಕಿಲೋ. ಅಂದರೆ ನೂರಕ್ಕೆ ಒಂದೂವರೆ ಪಾಲಿನಷ್ಟು ಲಾಭ. ನಿಂತಲ್ಲಿಂದ ಗಂಟೆಗೆ 60 ಕಿಲೋಮೀಟರು ವೇಗಕ್ಕೇರಲು 6 ಸೆಕೆಂಡು ಹಿಡಿಯುತ್ತಿದ್ದ ಕಾರು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತನ್ನು ಉಳಿಸೀತು. ಡಿಕ್ಕಿಯಲ್ಲಿ ಕಾರಣವಿಲ್ಲದೆ ವರ್ಷವಿಡೀ ತಿರುಗುವ ಹಳೆಯ ಪತ್ರಿಕೆಗಳ ಕಟ್ಟು, ಒಡೆದ ಕೊಡೆ, ತುಂಬಿದ ನೀರಿನ ಕ್ಯಾನು ಇವುಗಳನ್ನು ಕೆಳಗಿಳಿಸಿದರೂ ಇದೇ ಫಲ ದೊರೆಯುತ್ತದೆ, ಖರ್ಚಿಲ್ಲದೆ.

ಟ್ಯಾಕ್ಸಿ ಓಡಿಸಿ ಜೀವಿಸುವ ನಮ್ಮವರಿಗೆ ಪೆಟ್ರೋಲಿನ ಲೆಕ್ಕ ಬೇಕು. ದಿನಕ್ಕೆ ಇನ್ನೂರು ಸಲ ಗಾಡಿಯನ್ನು 40 ಕಿಲೋಮೀಟರು ವೇಗಕ್ಕೇರಿಸಿ ಬ್ರೇಕು ಹಾಕಿ ನಿಲ್ಲಿಸಿದರೂ ಮೇಲೆ ಹೇಳಿದ ಹಗುರದಿಂದ ಉಳಿಯುವುದು 30 ಮಿಲಿಲೀಟರಿನ ಆಸುಪಾಸು. ವರ್ಷದ ಕೊನೆಗೆ ಎಂಟೊಂಬತ್ತು ಲೀಟರು. ಹತ್ತಾರು ಸಾವಿರ ತೆತ್ತು ಕೊಂಡ ಗಾಲಿಗಳ ಬೆಲೆ ಈ ದಾರಿಯಿಂದ ಹಿಂದಕ್ಕೆ ಬರುವಷ್ಟರಲ್ಲಿ ಗಾಡಿಯೇ ಗುಜರಿಗೆ ಹೋಗಿರುತ್ತದೆ. ಇದಕ್ಕೆ ಪ್ರತಿಯಾಗಿ, ಉರುಳುವಾಗ ಕಡಿಮೆ ಪ್ರತಿರೋಧ ತೋರುವ ಟಯರನ್ನು ಆರಿಸಿದರೆ ಲಾಭ ಹೆಚ್ಚು. ಈ ಪ್ರತಿರೋಧವನ್ನು ನೂರಕ್ಕೆ ಹತ್ತರಷ್ಟು ತಗ್ಗಿಸಿದರೆ ಇಂಧನದಲ್ಲಿ ನೂರಕ್ಕೆ ಒಂದರಿಂದ ಎರಡರವರೆಗೆ ಉಳಿತಾಯವಾಗುತ್ತದೆಂಬುದು ತಜ್ಞರು ಒಪ್ಪಿದ ಅಂದಾಜು. ದಿನಕ್ಕೆ 10 ಲೀಟರು ಸುಡುವ ಗಾಡಿಗೆ ಕಡಿಮೆಯೆಂದರೂ 100 ಮಿಲಿಲೀಟರು ಉಳಿಯಿತು; ಗಾಲಿಯ ಹಗುರದಿಂದ ಬಂದದ್ದಕ್ಕಿಂತ ಮೂರು ಪಾಲಿಗೂ ಮಿಗಿಲು. ಸಿ.ಎನ್.ಜಿ. ಗಾಡಿಗಳಿಗೂ ಅನುಪಾತ ಇದೇ. ಫ್ರಿಜ್ಜಿಗೂ ಫ್ಯಾನಿಗೂ ನಕ್ಷತ್ರ ಕೊಡುವ ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಈಗ ಟಯರುಗಳಿಗೂ ನಕ್ಷತ್ರದ ಚೀಟಿಯ ಯೋಜನೆಯನ್ನು ತಂದಿದೆ. ಆ ಚೀಟಿಯನ್ನು ಕೇಳಿ ನೋಡುವ ಗಿರಾಕಿಗಳು ಮಾತ್ರ ಇನ್ನೂ ಹುಟ್ಟಿಕೊಳ್ಳಬೇಕಾಗಿದೆ.

ಹಾಗಾದರೆ ಹಗುರ ಗಾಲಿ ಬರಿಯ ಬೂಟಾಟಿಕೆಯೇ? ಅಲ್ಲ. ಅದರ ನಿಜವಾದ ಲಾಭ ವೇಗದಲ್ಲಿಲ್ಲ, ಬೇರೆಡೆಯಲ್ಲಿದೆ. ಮುಂಬಯಿಗೆ ಬೇಕಾದುದೂ ಆ ಬೇರೆ ಲಾಭವೇ. ಕಾರಿನ ಮೈ ಸ್ಪ್ರಿಂಗುಗಳ ಮೇಲೆ ಕುಳಿತಿರುತ್ತದೆ. ಗಾಲಿ, ಟಯರು, ಬ್ರೇಕು, ಗುಂಬ ಇವು ಸ್ಪ್ರಿಂಗಿನ ಕೆಳಗೆ ರಸ್ತೆಗೆ ನೇರವಾಗಿ ಮುಖ ಕೊಟ್ಟಿರುತ್ತವೆ. ಹೊಂಡಕ್ಕೆ ಇಳಿದ ಗಾಲಿ ಮತ್ತೆ ಮೇಲೇರಿ ರಸ್ತೆಯನ್ನು ಹಿಡಿಯಬೇಕು. ಭಾರವಾದ ಗಾಲಿ ಏರಿದರೆ ಇಳಿಯಲು ತಡ, ಇಳಿದರೆ ಏರಲು ತಡ. ಆ ತಡದ ಹೊತ್ತಿನಲ್ಲಿ ಟಯರಿಗೆ ರಸ್ತೆಯ ಮೇಲೆ ಹಿಡಿತವಿರುವುದಿಲ್ಲ, ಒಳಗೆ ಕುಳಿತವರ ಬೆನ್ನಿಗೆ ನೆಮ್ಮದಿಯೂ ಇರುವುದಿಲ್ಲ. ಸಣ್ಣ ಕಾರಿನ ಒಂದೊಂದು ಮೂಲೆಯಲ್ಲಿ ಸ್ಪ್ರಿಂಗಿನ ಕೆಳಗಿರುವ ತೂಕ ಸುಮಾರು 35 ಕಿಲೋ ಎಂದಿಟ್ಟುಕೊಂಡರೆ, ಅದರಲ್ಲಿ 2 ಕಿಲೋ ಎಂದರೆ ಹದಿನೇಳರಲ್ಲೊಂದು ಪಾಲು. ಇಡೀ ಕಾರಿನ ತೂಕದಲ್ಲಿ 8 ಕಿಲೋ ಎಂದರೆ ನೂರಮೂವತ್ತರಲ್ಲೊಂದು ಪಾಲು. ಅದೇ ಎರಡು ಕಿಲೋ, ಆದರೆ ಎಂಜಿನಿಗೆ ಅದು ಅಲ್ಪ, ಗಾಲಿಗೆ ಅದು ಗಣನೀಯ. ಮಳೆಗಾಲದಲ್ಲಿ ಅಂಧೇರಿಯಿಂದ ಘಾಟ್ಕೋಪರಿಗೆ ಹೋಗಿಬಂದವರಿಗೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಾಗದು. ಕಾಂಕ್ರೀಟು ಮುಗಿದೆಡೆಯಲ್ಲಿ ಡಾಂಬರು, ಡಾಂಬರು ಮುಗಿದೆಡೆಯಲ್ಲಿ ಪೇವರ್ ಬ್ಲಾಕು, ಪೇವರ್ ಬ್ಲಾಕು ಕಿತ್ತೆಡೆಯಲ್ಲಿ ನೀರು ತುಂಬಿದ ಹೊಂಡ. ಒಂದೊಂದು ಸಂಧಿಯೂ ಗಾಲಿಗೆ ಒಂದು ಪರೀಕ್ಷೆ. 2024ರ ಜನವರಿಯಲ್ಲಿ ತೆರೆದ ಅಟಲ್ ಸೇತುವಿನ ಮೇಲೆ ಕಾರು ಓಡಿಸಿ, ಇನ್ನು ಮುಂದೆ ಎಂಥ ಗಾಲಿಯಾದರೂ ನಡೆದೀತೆಂದು ತಿಳಿದರೆ ಅದು ಭ್ರಮೆ. ಸೇತುವನ್ನು ಇಳಿದ ಮೇಲೆ ಮನೆಯವರೆಗೆ ಹೋಗಬೇಕಲ್ಲ!

ಈ ಊರಿಗೆ ಗಾಲಿಯ ಪಾಠ ಹೊಸತೇನಲ್ಲ. ವಾಲಚಂದ ಹಿರಾಚಂದರು ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸಿನ ಕಾರ್ಖಾನೆ ಇದೇ ಕುರ್ಲಾದಲ್ಲಿತ್ತು. ಅಲ್ಲಿಂದ 1954ರಿಂದ ಹೊರಬಂದ ಫಿಯಟ್ 1100, ಮುಂದೆ ಪದ್ಮಿನಿಯೆಂದು ಹೆಸರು ಪಡೆದ ಅದರ ವಂಶದ ಗಾಡಿ, ಕಪ್ಪು ಹಳದಿ ಬಣ್ಣ ತೊಟ್ಟು ಅರ್ಧ ಶತಮಾನಕ್ಕೂ ಮಿಕ್ಕು ಈ ನಗರವನ್ನು ಹೊತ್ತಿತು. 2003ರ ಅಕ್ಟೋಬರದಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿಯು ಇಪ್ಪತ್ತು ವರ್ಷಗಳ ಅವಧಿ ತೀರಿ 2023ರ ಅಕ್ಟೋಬರ 30ರಂದು ಬೀದಿಯಿಂದ ನಿವೃತ್ತವಾಯಿತು. ಅದರ ಎಂಜಿನು 1089 ಘನ ಸೆಂಟಿಮೀಟರಿನ ಸಣ್ಣದು. ಗಾಲಿ 14 ಇಂಚಿನದು, ಟಯರಿನ ಅಗಲ 5.20 ಇಂಚು, ಇಂದಿನ ಅಳತೆಯಲ್ಲಿ 132 ಮಿಲಿಮೀಟರು. ಇಂದಿನ ತರುಣರು ಅದನ್ನು ಕಂಡರೆ ಸೈಕಲ್ಲಿನ ಟಯರೆಂದು ನಕ್ಕಾರು. ಆದರೆ ಆ ತೆಳ್ಳನೆಯ, ಎತ್ತರದ ಗಾಲಿಯೇ ಆ ಬಡ ಎಂಜಿನಿಗೆ ಸರಿಜೋಡಿಯಾಗಿತ್ತು. ಹೊಂಡಕ್ಕೆ ಬಿದ್ದರೆ ಉಕ್ಕಿನ ರಿಮ್ಮು ಡೊಂಕಾಗುತ್ತಿತ್ತು, ಗ್ಯಾರೇಜಿನ ಹುಡುಗ ಸುತ್ತಿಗೆಯಿಂದ ನೆಟ್ಟಗೆ ಮಾಡುತ್ತಿದ್ದ, ಸಂಜೆಯ ಪಾಳಿಗೆ ಗಾಡಿ ಮತ್ತೆ ಹೊರಡುತ್ತಿತ್ತು. ಪದ್ಮಿನಿಯ ಬ್ರೇಕು, ಸ್ಟೀರಿಂಗು ಇವುಗಳನ್ನು ಹೊಗಳುವವರ ಸಾಲಿಗೆ ನಾವು ಸೇರುವವರಲ್ಲ. ಗಾಲಿಯ ವಿಷಯದಲ್ಲಿ ಮಾತ್ರ ಅದಕ್ಕೆ ತನ್ನ ಊರಿನ ಅರಿವಿತ್ತು.

17 ಇಂಚಿನ ಗಾಲಿಯಿಂದ ಕಳೆದುಹೋಗುವುದು ಏನೆಂಬುದನ್ನು ಟಯರಿನ ಮೈಮೇಲಿನ ಅಂಕಿಗಳೇ ಹೇಳುತ್ತವೆ. ನಮ್ಮ ತರುಣನ ಕಾರಿನ ಟಯರು 165/80 ಆರ್ 14. ಅಗಲ 165 ಮಿಲಿಮೀಟರು. ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 80, ಅಂದರೆ 132 ಮಿಲಿಮೀಟರು. ರಿಮ್ಮು 14 ಇಂಚು. ಅಂಗಡಿಯವರು ತೋರಿಸಿದ್ದು 205/45 ಆರ್ 17. ಅದರ ಗೋಡೆಯ ಎತ್ತರ 92 ಮಿಲಿಮೀಟರು. ಎರಡರ ಹೊರವ್ಯಾಸ ಹೆಚ್ಚುಕಡಿಮೆ ಒಂದೇ, ಸುಮಾರು 62 ಸೆಂಟಿಮೀಟರು. ಅಂದರೆ ಗಾಲಿ ನಿಜವಾಗಿ ದೊಡ್ಡದಾಗಿಲ್ಲ, ಲೋಹ ಹೆಚ್ಚಿ ಗಾಳಿಯ ಮೆತ್ತೆ 4 ಸೆಂಟಿಮೀಟರಿನಷ್ಟು ತೆಳುವಾಗಿದೆ, ಅಷ್ಟೆ. ಹೊಂಡದ ಏಟನ್ನು ತಾಳಬೇಕಾದದ್ದು ಆ ಮೆತ್ತೆಯೇ. ಅದು ತೆಳುವಾದಾಗ ಏಟು ರಿಮ್ಮಿಗೆ ಬೀಳುತ್ತದೆ. ಉಕ್ಕು ಬಾಗುವಲ್ಲಿ ಅಲಾಯ್ ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ಗಾಲಿಗೆ ವೆಲ್ಡಿಂಗ್ ಮಾಡಿ ಬಣ್ಣ ಬಳಿದು ಮಾರುವವರೂ ಇದ್ದಾರೆಂಬುದನ್ನು ವಾಚಕರು ಗಮನದಲ್ಲಿಡಬೇಕು. ಅಲಾಯ್ ಗಾಲಿಗೆ ಗಟ್ಟಿತನ ಬರುವುದು ಎರಕದ ಬಳಿಕ ಅದಕ್ಕೆ ಕೊಟ್ಟ ಉಷ್ಣಸಂಸ್ಕಾರದಿಂದ. ವೆಲ್ಡಿಂಗಿನ ಶಾಖ ಆ ಸಂಸ್ಕಾರವನ್ನು ಅಲ್ಲಿಯೇ ಅಳಿಸಿಹಾಕುತ್ತದೆ. ಹೊರನೋಟಕ್ಕೆ ಹೊಸದರಂತಿರುವ ಅಂಥ ಗಾಲಿ ಯಾವ ತಿರುವಿನಲ್ಲಿ ಕೈಕೊಟ್ಟೀತೆಂದು ಹೇಳಬಲ್ಲವರಿಲ್ಲ.

ಹಗುರದ ಬೆನ್ನು ಹತ್ತುವವರು ಬೀಳುವ ಇನ್ನೊಂದು ಹೊಂಡವಿದೆ. ರಿಮ್ಮು ದೊಡ್ಡದಾಗಬಾರದೆಂದು ತಿಳಿದವರೂ ಕೆಲವೊಮ್ಮೆ ಹಗುರವಾಗಲೆಂದು ತೀರ ಸಣ್ಣ, ತೀರ ದುರ್ಬಲ ಟಯರಿಗೆ ಇಳಿದುಬಿಡುತ್ತಾರೆ. ಟಯರಿನ ಮೇಲೆ ಅಳತೆಯ ನಂತರ ಒಂದು ಅಂಕಿ, ಒಂದು ಅಕ್ಷರ ಇರುತ್ತವೆ. 88 ಎಂದಿದ್ದರೆ ಆ ಒಂದು ಟಯರು 560 ಕಿಲೋ ಹೊರಬಲ್ಲದು. 82 ಎಂದರೆ 475. 79 ಎಂದರೆ 437. ‘ಟಿ’ ಅಕ್ಷರವಿದ್ದರೆ ಗಂಟೆಗೆ 190 ಕಿಲೋಮೀಟರು, ‘ಎಚ್’ ಇದ್ದರೆ 210 ಕಿಲೋಮೀಟರು ವೇಗಕ್ಕೆ ತಕ್ಕುದು. ಕಂಪನಿ ಕೊಟ್ಟ ಅಂಕಿಗಿಂತ ಕೆಳಗಿನದನ್ನು ಎಂದೂ ಕೊಳ್ಳಕೂಡದು. ನಗರದೊಳಗೆ ಒಬ್ಬರೇ ಓಡಿಸುವಾಗ ಇದರ ಬೆಲೆ ತಿಳಿಯುವುದಿಲ್ಲ. ಸಿ.ಎನ್.ಜಿ.ಯ ಉಕ್ಕಿನ ಸಿಲಿಂಡರು ಹಿಂದಿನ ಅಚ್ಚಿನ ಮೇಲೆ ಅರವತ್ತು ಕಿಲೋದ ಆಸುಪಾಸಿನ ಹೊರೆಯಾಗಿ ಯಾವಾಗಲೂ ಕುಳಿತಿರುವ ಗಾಡಿಗಳಲ್ಲಿ, ಅದರ ಮೇಲೆ ಐವರು, ಊರಿಗೆ ಒಯ್ಯುವ ಸಾಮಾನು, ಬರುವಾಗ ತೆಂಗಿನಕಾಯಿಯ ಮೂಟೆ ಸೇರಿದಾಗ ತಿಳಿಯುತ್ತದೆ.

ನಮ್ಮವರ ದಾರಿಯೂ ಸಾಮಾನ್ಯವಾದುದಲ್ಲ. ಮುಂಬಯಿಯಿಂದ ಉಡುಪಿಯ ಕಡೆಗೆ ಎಂಟುನೂರು ಕಿಲೋಮೀಟರಿಗೂ ಮಿಕ್ಕ ಪಯಣ. ಹಿಂದೆ 17ನೆಯ ಸಂಖ್ಯೆಯದಾಗಿದ್ದು ಈಗ 66 ಎನಿಸಿಕೊಂಡ ಹೆದ್ದಾರಿಯ ಕೊಂಕಣದ ಭಾಗವನ್ನು ಅಗಲಿಸುವ ಕೆಲಸ 2011ರಲ್ಲಿ ಆರಂಭವಾಗಿ, ಒಂದು ದಶಕ ಕಳೆದರೂ ಮುಗಿಯದೆ, ಪ್ರತಿ ಮಳೆಗಾಲದಲ್ಲಿ ಎಷ್ಟು ಮನೆಗಳವರನ್ನು ಕಾಡಿದೆಯೆಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾವು ಹೇಳಬೇಕಾಗಿಲ್ಲ. ಚೌತಿ ಬರುವುದೂ ಮಳೆಗಾಲದಲ್ಲಿಯೇ. ಪುಣೆ, ಕೊಲ್ಲಾಪುರದ ಮಾರ್ಗ ಹಿಡಿದವರಿಗೆ ಬೇರೊಂದು ಪರೀಕ್ಷೆ. ದ್ರುತಮಾರ್ಗದ ಕಾಂಕ್ರೀಟಿನ ಮೇಲೆ ಗಂಟೆಗಟ್ಟಲೆ ವೇಗದ ಓಟ. ಗಾಳಿ ಕಡಿಮೆಯಿರುವ ಟಯರಿನ ಗೋಡೆ ಪ್ರತಿ ಸುತ್ತಿಗೂ ಮಡಿಸಿ ಬಿಚ್ಚಿಕೊಳ್ಳುತ್ತದೆ, ಬಿಸಿಯೇರುತ್ತದೆ, ಕೊನೆಗೆ ಸಿಡಿಯುತ್ತದೆ. ಗಾಳಿಯ ಒತ್ತಡವೆಷ್ಟಿರಬೇಕೆಂಬ ಚೀಟಿ ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುತ್ತದೆ. ಇಬ್ಬರಿಗೊಂದು, ತುಂಬಿದ ಗಾಡಿಗೊಂದು ಎಂದು ಎರಡು ಸಾಲುಗಳಿದ್ದರೆ ಊರಿಗೆ ಹೊರಡುವ ದಿನ ಎರಡನೆಯದನ್ನು ಪಾಲಿಸಬೇಕು, ಅದೂ ಟಯರು ತಣ್ಣಗಿರುವಾಗ. ನೈಟ್ರೋಜನ್ ತುಂಬಿಸಿದ್ದೇನೆಂದು ಹೆಮ್ಮೆಪಡುವವರನ್ನು ಕಂಡಿದ್ದೇವೆ. ನಾವು ಉಸಿರಾಡುವ ಗಾಳಿಯಲ್ಲಿಯೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಯಾವುದನ್ನು ತುಂಬಿದಿರಿ ಎಂಬುದಕ್ಕಿಂತ ಕಳೆದ ತಿಂಗಳು ಅಳೆದು ನೋಡಿದಿರಾ ಎಂಬುದು ದೊಡ್ಡ ಪ್ರಶ್ನೆ.

ಹಗುರ ಗಾಲಿಯ ಚರಿತ್ರೆಯ ಮೊದಲ ಪುಟದಲ್ಲಿಯೇ ಇದಕ್ಕೊಂದು ದೃಷ್ಟಾಂತವಿದೆ. 1924ರಲ್ಲಿ ಫ್ರಾನ್ಸಿನ ಲಿಯೋಂ ನಗರದ ಮಹಾಸ್ಪರ್ಧೆಗೆ ಎತ್ತೋರೆ ಬುಗಾಟಿಯು ತನ್ನ 35ನೆಯ ನಮೂನೆಯ ಕಾರುಗಳನ್ನು ತಂದನು. ಅವುಗಳಿಗೆ ಅಲ್ಯೂಮಿನಿಯಮ್ಮಿನಲ್ಲಿ ಎರಕ ಹೊಯ್ದ, ಅಂದಿಗೆ ಅಪೂರ್ವವಾದ ಗಾಲಿಗಳಿದ್ದವು. ನೋಡಿದವರು ಬೆರಗಾದರು. ಆದರೆ ಆ ದಿನ ಟಯರುಗಳು ಕೈಕೊಟ್ಟವು, ಅವುಗಳ ಮೇಲ್ಮೈ ಕಿತ್ತುಬಂತು, ಬುಗಾಟಿ ಗೆಲ್ಲಲಿಲ್ಲ. ಅದೇ ಕಾರು ಮುಂದಿನ ವರ್ಷಗಳಲ್ಲಿ ಅಸಂಖ್ಯ ಸ್ಪರ್ಧೆಗಳನ್ನು ಗೆದ್ದುದು ಬೇರೆ ಮಾತು.

ಸ್ಟೆಪ್ನಿಯ ಬಗ್ಗೆ ಒಂದು ಮಾತು. ಈ ಹೆಸರು ನಮಗೆ ವೇಲ್ಸ್ ದೇಶದ ಲನೆಲಿ ಎಂಬ ಊರಿನ ಸ್ಟೆಪ್ನಿ ಬೀದಿಯಿಂದ ಬಂದದ್ದು. 1904ರಲ್ಲಿ ಅಲ್ಲಿ ಮೊದಲ ಹೆಚ್ಚುವರಿ ಗಾಲಿಯನ್ನು ರೂಪಿಸಿ ಮಾರಿದರು. ಅಲ್ಲಿಯವರು ಮರೆತಿರಬಹುದಾದ ಆ ಹೆಸರನ್ನು ನಮ್ಮ ಪಂಕ್ಚರಿನ ಅಂಗಡಿಗಳು ಕಾಪಾಡಿಕೊಂಡು ಬಂದಿವೆ. ನಾಲ್ಕು ಗಾಲಿಗಳನ್ನು ಬದಲಿಸುವವರು ಐದನೆಯದನ್ನು ಹಳೆಯ ಅಳತೆಯಲ್ಲಿಯೇ ಬಿಡುತ್ತಾರೆ. ಹೊರವ್ಯಾಸ ಬೇರೆಯಾದ ಸ್ಟೆಪ್ನಿಯನ್ನು ಎಂಜಿನು ತಿರುಗಿಸುವ ಅಚ್ಚಿಗೆ ಹಾಕಿ ನೂರಾರು ಕಿಲೋಮೀಟರು ಓಡಿಸಿದರೆ ಎಡಬಲಗಳ ವ್ಯತ್ಯಾಸವನ್ನು ಹೊರುವ ಹಲ್ಲುಚಕ್ರಗಳು ಸವೆಯುತ್ತವೆ. ಗಾಳಿಯೊತ್ತಡ ತೋರುವ ಉಪಕರಣವೂ ದುರಸ್ತಿಯ ಸಾಮಗ್ರಿಯೂ ಇರುವ, ಟ್ಯೂಬಿಲ್ಲದ ಟಯರಿನ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲವೆಂದು ಕೇಂದ್ರ ಸರಕಾರವು 2020ರಲ್ಲಿ ನಿಯಮವನ್ನು ಸಡಿಲಿಸಿತು. ಸ್ಟೆಪ್ನಿಯನ್ನು ಮನೆಯಲ್ಲಿಟ್ಟರೆ 14 ಕಿಲೋ ಒಂದೇ ಏಟಿಗೆ ಹಗುರವಾಯಿತಲ್ಲ ಎಂದು ಲೆಕ್ಕ ಹಾಕುವವರಿದ್ದಾರೆ. ಮೊಳೆ ಚುಚ್ಚಿದ ತೂತಿಗೆ ಆ ಸಾಮಗ್ರಿ ಸಾಕು. ಹೊಂಡದ ಅಂಚು ತಗಲಿ ಪಕ್ಕದ ಗೋಡೆ ಹರಿದರೆ ಅದು ನಿರುಪಯೋಗಿ. ರಾತ್ರಿಯ ಮಳೆಯಲ್ಲಿ ಘಟ್ಟದ ನಡುವೆ ಅಜ್ಜಿಯನ್ನು ಕೂರಿಸಿಕೊಂಡು ನಿಂತವನಿಗೆ ಆ 14 ಕಿಲೋದ ಬೆಲೆ ಗೊತ್ತಾದೀತು.

ಇಷ್ಟೆಲ್ಲವನ್ನು ಗಿರಾಕಿಯೇ ಅರಿತುಕೊಳ್ಳಬೇಕೆಂದು ಹೇಳಿ ಕೈ ತೊಳೆದುಕೊಳ್ಳುವುದು ನ್ಯಾಯವಲ್ಲ. ಟಯರಿನ ಮೇಲೆ ಐ.ಎಸ್.ಐ. ಗುರುತು, ತಯಾರಾದ ವಾರ ಮತ್ತು ವರ್ಷವನ್ನು ಸೂಚಿಸುವ ನಾಲ್ಕು ಅಂಕಿಗಳು, ಹೊರೆಯ ಅಂಕಿ ಎಲ್ಲವೂ ಇರುತ್ತವೆ. ರಿಮ್ಮಿನ ಮೇಲೆ ವ್ಯಾಸ, ಅಗಲ ಇವೆ. ಆದರೆ ಹಗುರವೆಂಬ ಗುಣವನ್ನೇ ಮುಂದುಮಾಡಿ ಮಾರುವ ಸರಕಿನಲ್ಲಿ ತೂಕವನ್ನು ನಮೂದಿಸುವ ವಾಡಿಕೆ ನಮ್ಮ ಪೇಟೆಯಲ್ಲಿ ಬೆಳೆದಿಲ್ಲ. ಅಕ್ಕಿಯ ಚೀಲದ ಮೇಲೆ, ಬಿಸ್ಕತ್ತಿನ ಪೊಟ್ಟಣದ ಮೇಲೆ ತೂಕ ಬರೆಯಬೇಕೆನ್ನುವ ದೇಶದಲ್ಲಿ ಒಂದು ಸಂಸಾರದ ಪ್ರಾಣವನ್ನು ಹೊರುವ ಗಾಲಿಗೆ ಈ ನಿಯಮ ಏಕಿಲ್ಲ? ತಯಾರಕರು ರಿಮ್ಮಿನ ಮೇಲೆಯೂ ಟಯರಿನ ಮೇಲೆಯೂ ತೂಕವನ್ನು ಅಚ್ಚೊತ್ತಬೇಕು. ಕಾರಿನ ಕಂಪನಿಗಳು ತಮ್ಮ ದುಬಾರಿ ನಮೂನೆಯ 15 ಅಥವಾ 16 ಇಂಚಿನ ಗಾಲಿ, ಅಗ್ಗದ ನಮೂನೆಯ 14 ಇಂಚಿನ ಗಾಲಿ ಇವೆರಡರ ತೂಕವನ್ನೂ ಪುಸ್ತಿಕೆಯಲ್ಲಿ ಪಕ್ಕಪಕ್ಕದಲ್ಲಿ ಮುದ್ರಿಸಬೇಕು. ಹೆಚ್ಚು ಹಣ ತೆತ್ತವನಿಗೆ ಹೆಚ್ಚು ಭಾರ ದೊರಕಿದೆಯೆಂಬ ಸಂಗತಿ ಆಗ ಎಷ್ಟೋ ಪುಟಗಳಲ್ಲಿ ಹೊರಬಿದ್ದೀತು. ಅವರು ಮುದ್ರಿಸದಿರುವುದಕ್ಕೆ ಪ್ರಾಯಶಃ ಇದೂ ಒಂದು ಕಾರಣ. ಗಾಲಿಗಳನ್ನು ಮಾರುವ ಅಂಗಡಿಗಳಲ್ಲಿ ಒಂದು ತಕ್ಕಡಿಯಿರಲಿ ಎಂದು ಕೇಳುವುದು ಅತಿಯಾದ ಬೇಡಿಕೆಯಲ್ಲ. ಅಲ್ಲಿಯವರೆಗೆ ಗುಜರಿಯವನ ತಕ್ಕಡಿಯೇ ಗತಿ.

ಆ ದಿನ ಅದೇ ತಕ್ಕಡಿಯಲ್ಲಿ ನಾವು ಮೂರನೆಯದೊಂದನ್ನು ತೂಗಿದೆವು. ಅಂಗಡಿಯ ಹಿಂಬದಿಯಲ್ಲಿ ಧೂಳು ಹಿಡಿದು ಬಿದ್ದಿದ್ದ, ಕಂಪನಿಯ ಅಳತೆಯದೇ ಆದ 14 ಇಂಚಿನ ಅಲಾಯ್ ಗಾಲಿ, ಟಯರು ಸಹಿತ 12 ಕಿಲೋ. ಬೋಲ್ಟುಗಳ ಅಂತರವೂ ನಡುವಿನ ತೂತೂ ಸರಿಹೊಂದುತ್ತಿದ್ದವು. ಅಂಗಡಿಯವರು ಅದನ್ನು ಅರ್ಧ ಬೆಲೆಗೆ ಕೊಡುತ್ತೇವೆಂದರು. ಸಣ್ಣ ಗಾಲಿಯನ್ನು ಕೇಳುವವರಿಲ್ಲವಂತೆ. ತರುಣನು ಬಹಳ ಹೊತ್ತು ಅದನ್ನೂ ಹೊರಗೆ ತೂಗಾಡುತ್ತಿದ್ದ ಹೊಳೆಯುವ ಗಾಲಿಯನ್ನೂ ನೋಡಿದ. ಗೆಳೆಯರಿಗೆ ಏನೆಂದು ಹೇಳುವುದೆಂಬ ಚಿಂತೆ ಅವನ ಮುಖದಲ್ಲಿ ಸ್ಪಷ್ಟವಾಗಿತ್ತು. ಕೊನೆಗೆ, ಸವೆದಿದ್ದ ಟಯರುಗಳನ್ನು ಮೊದಲು ಬದಲಿಸುತ್ತೇನೆ, ಗಾಲಿಯ ಮಾತು ಚೌತಿ ಕಳೆದ ಮೇಲೆ ನೋಡೋಣ ಎಂದ. ನಾಣ್ಯವೊಂದನ್ನು ಟಯರಿನ ಗೀರಿಗೆ ಇಳಿಸಿ ನೋಡಿದೆವು. ಕಾನೂನು ಬಯಸುವ 1.6 ಮಿಲಿಮೀಟರು ಆಳವೂ ಅಲ್ಲಿ ಉಳಿದಿರಲಿಲ್ಲ.